ಶನಿವಾರದ ಎಣ್ಣೆ

ಗಾಡಿಯಲ್ಲಿ ಕೆಂಪು ದೀಪ ಹತ್ತಿತು ಅಂದ ಕೂಡಲೇ ಡಬ್ಬಿ ಎತ್ತಿ ಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂಸು ಅತ್ತಿತು ಅಂದರೆ ಬಾಯಿಗೆ ಹಾಲೇ ತುರುಕಬೇಕೇ? ಹೊಟ್ಟೆ ನೋವೋ, ಇರುವೆ ಕಡಿಯಿತೋ, ಬಟ್ಟೆ ಎತ್ತಿ ನೋಡುವುದು ಬೇಡವೇ? ಆ ದೀಪ ಹೇಳುವುದು ಎಂಜಿನ್ನಿನಲ್ಲಿ ಎಣ್ಣೆ ಕಡಿಮೆ ಇದೆ ಅಂತಲ್ಲ, ಎಣ್ಣೆಯ ಒತ್ತಡ ಕಡಿಮೆಯಾಗಿದೆ ಅಂತ. ಯಾಕೆ ಕಡಿಮೆಯಾಯಿತು ಅನ್ನುವುದನ್ನು ನಾವು ಹುಡುಕಬೇಕು. ಕೂಡ್ಲಿಗಿಯ ಕೊಟ್ಟೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡು ನನ್ನ ತಲೆ ಬೆಳ್ಳಗಾಯಿತು. ಈ ಮಾತನ್ನು ಹೇಳಿ ಹೇಳಿ ನನ್ನ ಬಿ.ಪಿ. ಏರಿತೇ ಹೊರತು ಕೇಳಿದವರು ಯಾರೂ ಇಲ್ಲ.

ಚೌಡಣ್ಣ ಮತ್ತು ಹುಲುಗೇಶರ ಟ್ರ್ಯಾಕ್ಸ್ ಗಾಡಿಯ ಕಥೆಯೂ ಆ ಕೆಂಪು ದೀಪದ್ದೇ. ಇಬ್ಬರೂ ಒಡಹುಟ್ಟಿದವರು. ಅಪ್ಪ ತೀರಿಕೊಂಡ ಮೇಲೆ ಹೊಲದ ಬದುವಿನಲ್ಲಿದ್ದ ಒಂದು ಬೇವಿನ ಮರಕ್ಕೆ ಮಾತಿಗೆ ಮಾತು ಬೆಳೆದು, ಮರ ಯಾರದೆಂದು ತೀರ್ಮಾನವಾಗುವ ಮೊದಲೇ ಮನೆ ಎರಡಾಯಿತು. ಹಿರಿಯವ ಚೌಡಣ್ಣ ಕೂಡ್ಲಿಗಿಯಲ್ಲೇ ಉಳಿದ. ಕಿರಿಯವ ಹುಲುಗೇಶ ಹೆಂಡತಿಯನ್ನು ಕರೆದುಕೊಂಡು ಕೊಟ್ಟೂರಿಗೆ ಹೋದ. ಹೊಲ, ಹಿತ್ತಲು, ಎತ್ತು ಎಲ್ಲವೂ ಪಾಲಾದವು. ಒಳಕಲ್ಲು ಒಬ್ಬನಿಗೆ, ಗುಂಡು ಇನ್ನೊಬ್ಬನಿಗೆ ಅಂತ ಊರವರು ನಗುತ್ತಾರೆ, ಅದೊಂದು ಸುಳ್ಳು. ಪಾಲಾಗದೆ ಉಳಿದದ್ದು ಎರಡೇ ಎರಡು. ಒಂದು, ಅಪ್ಪ ಮಂದಿಯನ್ನು, ನಮ್ಮ ಭಾಷೆಯಲ್ಲಿ ಸೀಟು, ಹತ್ತಿಸಿಕೊಂಡು ಓಡಿಸುತ್ತಿದ್ದ ಆ ಹಳೆಯ ಟ್ರ್ಯಾಕ್ಸ್. ಇನ್ನೊಂದು, ಅವರ ಅವ್ವ ಬೊಮ್ಮಮ್ಮ.

ಬೊಮ್ಮಮ್ಮ ಕಡಿಮೆ ಆಸಾಮಿಯಲ್ಲ. ಪಂಚರು ಗಾಡಿ ಮಾರಿ ಹಂಚಿಕೊಳ್ಳಿ ಎಂದಾಗ ಎದ್ದು ನಿಂತವಳೇ ತನ್ನ ತೀರ್ಪು ತಾನೇ ಕೊಟ್ಟಳಂತೆ: ಗಾಡಿ ಒಂದು ವಾರ ಇವನ ಬಾಗಿಲಲ್ಲಿ, ಒಂದು ವಾರ ಅವನ ಬಾಗಿಲಲ್ಲಿ, ಗಾಡಿ ಎಲ್ಲಿರುತ್ತದೋ ತಾನೂ ಅಲ್ಲಿ. ಮಕ್ಕಳಿಬ್ಬರೂ ಒಪ್ಪಿದರು. ಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಅಂತ ಸೀಟು ಹೊಡೆಯುವ ಗಾಡಿಗೆ ಇಬ್ಬರು ಯಜಮಾನರಾದರು, ಇಬ್ಬರಿಗೂ ಮಾತಿಲ್ಲ.

ಶನಿವಾರ ಸಂಜೆ ನನ್ನ ಗ್ಯಾರೇಜಿನ ಮುಂದೆ ಗಾಡಿ ಕೈ ಬದಲಾಗುತ್ತಿತ್ತು. ವಾರ ಮುಗಿಸಿದವನು ಗಾಡಿ ತಂದು ನಿಲ್ಲಿಸಿ, ಕೀಲಿಯನ್ನು ನನ್ನ ಬಾಗಿಲ ಮೊಳೆಗೆ ನೇತುಹಾಕಿ ಹೊರಟುಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಬಂದು ಕೀಲಿ ತೆಗೆದುಕೊಳ್ಳುತ್ತಿದ್ದ. ಒಬ್ಬನ ಬೆನ್ನು ಇನ್ನೊಬ್ಬನಿಗೆ ಕಾಣದಂತೆ ಅಷ್ಟು ಲೆಕ್ಕಾಚಾರದಿಂದ ಬರುತ್ತಿದ್ದರು. ನಡುವಿನ ಆ ಹೊತ್ತು ಬೊಮ್ಮಮ್ಮ ಗಾಡಿಯ ಮುಂದಿನ ಸೀಟಿನಲ್ಲಿ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿರುತ್ತಿದ್ದಳು. ನಾನು ಚಹಾ ಕೊಡಿಸುತ್ತಿದ್ದೆ. ಕುಡಿಯುತ್ತಾ ನನ್ನ ಅಂಗಡಿ ಎಷ್ಟು ಗಲೀಜಾಗಿದೆ ಎಂದು ಬೈಯುತ್ತಿದ್ದಳು. ಬೈಗುಳದಲ್ಲಿ ಸತ್ಯವಿತ್ತು, ಹಾಗಾಗಿ ಸುಮ್ಮನಿರುತ್ತಿದ್ದೆ.

ಹೀಗೆ ಮೂರು ವರ್ಷ ನಡೆಯಿತು. ಈ ವರ್ಷ ಬೇಸಿಗೆ ಹತ್ತಿದ ಮೇಲೆ ದೀಪದ ಕಾಟ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿರುತ್ತದೆ, ಎಂಜಿನ್ ಕಾದ ಮೇಲೆ ಸೀಟು ಇಳಿಸಲು ನಿಂತಾಗ ಪಿಳಿಪಿಳಿ ಎನ್ನುತ್ತದೆ. ಚೌಡಣ್ಣ ನನ್ನ ಹತ್ತಿರ ಬಂದು, ತಮ್ಮ ಎಣ್ಣೆ ನೋಡದೆ ಗಾಡಿ ಹೊಡೆದು ಎಂಜಿನ್ ಹಾಳು ಮಾಡಿದ ಅಂದ. ಮರುವಾರ ಹುಲುಗೇಶ ಬಂದು ಅದೇ ಮಾತು, ತಮ್ಮ ಅನ್ನುವ ಕಡೆ ಅಣ್ಣ ಅಂತ ಹಾಕಿ ಹೇಳಿದ. ಬಿಚ್ಚಿ ನೋಡೋಣ, ಒಂದು ದಿನ ಗಾಡಿ ಬಿಡು ಎಂದರೆ ಇಬ್ಬರದೂ ಒಂದೇ ಉತ್ತರ: ನನ್ನ ವಾರದಲ್ಲಿ ಯಾಕೆ ಬಿಡಲಿ, ಕೆಡಿಸಿದವನ ವಾರದಲ್ಲಿ ಬಿಚ್ಚಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನಗೂ ಸಿಟ್ಟು ಬಂತು. ಗಾಡಿಯ ಬಾನೆಟ್ಟು ಎತ್ತದೆಯೇ, ಬೇರಿಂಗು ಸವೆದಿವೆ, ಆ ಎಂಜಿನ್ನಿನ ಆಯುಷ್ಯ ಮುಗಿಯಿತು ಎಂದುಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಗೆ ನಾನೂ ಸೇರಿದೆ.

ಆ ಮಾತು ಹಿಡಿದುಕೊಂಡು ಇಬ್ಬರೂ ಗಾಡಿ ಮಾರುವುದಕ್ಕೆ ನಿಂತರು. ಹಿರೇಹಡಗಲಿಯ ಪ್ರವೀಣಕುಮಾರ್ ಎಂಬುವನು ಹಳೆ ಗಾಡಿ ಕೊಂಡು ಬಿಡಿಭಾಗ ಮಾಡಿ ಮಾರುವ ವ್ಯವಹಾರದವನು. ಶನಿವಾರ ಕೊಟ್ಟೂರಿಗೆ ಗಾಡಿ ತನ್ನಿ, ಇಬ್ಬರೂ ಬಂದು ಸಹಿ ಮಾಡಿ, ನಾನು ಅಲ್ಲಿಂದ ಒಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದ.

ಅದಕ್ಕೆ ಹಿಂದಿನ ಶನಿವಾರ ಬೊಮ್ಮಮ್ಮ ಚಹಾ ಮುಟ್ಟಲಿಲ್ಲ. ನನ್ನ ಅಂಗಡಿಯನ್ನು ಬೈಯಲೂ ಇಲ್ಲ. ನಾನೇ ಮಾತಿಗೆ ಎಳೆದೆ.

"ಗಾಡಿ ಹೋದಮ್ಯಾಲ ನಾನು ಎಲ್ಲೆರ ಒಂದ್ ಕಡಿ ಕುಂದ್ರಬೇಕಲ್ಲೋ ಪಾಲಾಕ್ಷಪ್ಪ," ಅಂದಳು. "ಅವನ ಮನಿಗೆ ಇವ ಬರಂಗಿಲ್ಲ, ಇವನ ಮನಿಗೆ ಅವ ಬರಂಗಿಲ್ಲ. ಒಬ್ಬನ್ನ ಆರಿಸ್ಕಂದ್ರ ಇನ್ನೊಬ್ಬನ್ನ ಬಿಟ್ಟಂಗ. ಯಾರನ್ನ ಬಿಡ್ಲಿ, ನೀನ ಹೇಳು."

ಎಂಜಿನ್ನಿನ ಆಯುಷ್ಯ ಮುಗಿಯಿತು ಎಂದು ಸಲೀಸಾಗಿ ಹೇಳಿದ ಬಾಯಿಂದ, ಚಹಾ ಆರುತ್ತದೆ ಕುಡಿಯವ್ವ ಎಂದೆ, ಅಷ್ಟೇ. ಆ ರಾತ್ರಿ ಊಟವೂ ಸೇರಲಿಲ್ಲ ಎಂದರೆ ನನ್ನ ಹೆಂಡತಿ ನಂಬುವುದಿಲ್ಲ, ಆದರೆ ಅದು ನಿಜ.

ಮಾರುವ ಶನಿವಾರ ಬೆಳಿಗ್ಗೆ ಅಣ್ಣತಮ್ಮಂದಿರು ಮೊದಲ ಸಲ ಒಟ್ಟಿಗೆ ನನ್ನ ಅಂಗಳದಲ್ಲಿ ನಿಂತರು. ಅಣ್ಣನೊಬ್ಬನೇ ಗಾಡಿ ತರುವುದು ಬೇಡ ಎಂದು ಹುಲುಗೇಶ ಕೊಟ್ಟೂರಿನಿಂದ ಮೊದಲ ಬಸ್ಸಿಗೇ ಬಂದಿದ್ದ. ಒಟ್ಟಿಗೆ ಅಂದರೆ ಒಬ್ಬ ಹುಣಸೆ ಮರದ ಕೆಳಗೆ, ಒಬ್ಬ ಹಳೆ ಟೈರಿನ ಗುಡ್ಡೆಯ ಹತ್ತಿರ. ಬೊಮ್ಮಮ್ಮ ಗಾಡಿಯಲ್ಲೇ ಇದ್ದಳು. ಈಗ ದೀಪ ಆರುವುದೇ ಇಲ್ಲ, ಕೊಟ್ಟೂರು ಮುಟ್ಟುವ ಹಾಗೆ ಮಾಡಿಕೊಡು ಸಾಕು ಅಂದರು. ದಾರಿಯಲ್ಲಿ ಎಂಜಿನ್ ಹಿಡಿದುಕೊಂಡರೆ ಗಾಡಿಯ ಜೊತೆ ಬೊಮ್ಮಮ್ಮನೂ ಬಿಸಿಲಲ್ಲಿ ನಿಲ್ಲಬೇಕಾಗುತ್ತದೆ. ಕೈಯಿಂದ ನೋಡದೆ ಬಿಡುವುದಿಲ್ಲ ಎಂದು ನಾನು ಬಾನೆಟ್ಟು ಎತ್ತಿದೆ.

ದೀಪ ಸುಳ್ಳು ಹೇಳಬಹುದು, ಮೀಟರು ಹೇಳುವುದಿಲ್ಲ. ದೀಪದ ಸ್ವಿಚ್ಚು ಕೂರುವ ತೂತಿಗೆ ನನ್ನ ಮೀಟರಿನ ಪೈಪು ತಿರುವಿ ಎಂಜಿನ್ ಚಾಲೂ ಮಾಡಿಸಿದೆ. ತಣ್ಣಗಿದ್ದಾಗ ಮುಳ್ಳು ಅರವತ್ತಕ್ಕೆ ಹೋಗಿ ನಿಂತಿತು. ಅದನ್ನು ನೋಡಿ ಖುಷಿಪಡುವವನು ಮೆಕ್ಯಾನಿಕ್ ಅಲ್ಲ, ತಣ್ಣನೆಯ ಎಣ್ಣೆ ಗಟ್ಟಿಯಾಗಿರುತ್ತದೆ, ಮುಳ್ಳು ಏರಿಯೇ ಏರುತ್ತದೆ. ಕಾಯಲಿ ಎಂದು ಬಿಟ್ಟೆ. ಕಾದ ಮೇಲೆ ಮುಳ್ಳು ಇಳಿಯತೊಡಗಿತು. ಇಳಿಯುವುದು ಸರಿಯೇ. ಆದರೆ ಅದು ನಡುಗುತ್ತಿತ್ತು. ಹತ್ತು, ನಾಲ್ಕು, ಹನ್ನೆರಡು, ಮೂರು, ಜ್ವರ ಬಂದವರ ಕೈಯ ಹಾಗೆ.

ಬೇರಿಂಗು ಸವೆದ ಎಂಜಿನ್ನಿನ ಮುಳ್ಳು ಕೆಳಗೆ ಇಳಿಯುತ್ತದೆ, ಆದರೆ ಇಳಿದ ಕಡೆ ನಿಲ್ಲುತ್ತದೆ. ನಡುಗಿತು ಎಂದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ನುಂಗುತ್ತಿದೆ ಎಂದರ್ಥ. ಒಂದೋ ಎಣ್ಣೆ ತೀರಾ ಕಡಿಮೆ, ಇಲ್ಲವೇ ಬೇರೇನೋ. ಎಂಜಿನ್ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲಿ ಎಂದು ಒಂದು ಬೀಡಿ ಸೇದುವಷ್ಟು ಹೊತ್ತು ಕೂತು, ಎಣ್ಣೆ ನೋಡುವ ಅಳತೆಕಡ್ಡಿ ಎಳೆದೆ. ಕಡ್ಡಿಯ ಮೇಲಿನ ಗೆರೆಗಳು ಅವರ ಅಪ್ಪನ ಕಾಲಕ್ಕೇ ಅಳಿಸಿಹೋಗಿದ್ದವು. ಮುದುಕ ಕಣ್ಣಂದಾಜಿನಲ್ಲಿ ನೋಡುತ್ತಿದ್ದ, ಮಕ್ಕಳು ಅದನ್ನೂ ಬಿಟ್ಟು ದೀಪ ನೋಡುತ್ತಿದ್ದರು. ಅದೇ ಎಂಜಿನ್ನಿನ ಹೊಸ ಕಡ್ಡಿ ನನ್ನ ಅಂಗಡಿಯಲ್ಲಿತ್ತು. ಎರಡನ್ನೂ ಪಕ್ಕದಲ್ಲಿ ಹಿಡಿದು ನೋಡಿದೆ. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ನನ್ನ ನಾಲ್ಕು ಬೆರಳಿನಷ್ಟು ಮೇಲಕ್ಕೆ ನಿಂತಿತ್ತು. ಬರೀ ಎಣ್ಣೆಯಲ್ಲ, ಕಡೆದ ಮಜ್ಜಿಗೆಯ ಹಾಗೆ ನೊರೆ.

ಎಂಜಿನ್ನಿನ ತಳದ ತೊಟ್ಟಿಯಲ್ಲಿ ಎಣ್ಣೆ ಅಳತೆ ಮೀರಿದರೆ ಮೇಲೆ ತಿರುಗುವ ಕ್ರ್ಯಾಂಕು ಅದರಲ್ಲಿ ಮುಳುಗಿ ಕಡೆಯುತ್ತದೆ. ನೊರೆ ಏಳುತ್ತದೆ. ನೊರೆಗೆ ಒತ್ತಡ ಎಲ್ಲಿಂದ ಬರಬೇಕು? ದೀಪ ಹತ್ತುತ್ತದೆ. ದೀಪ ಹತ್ತಿತೆಂದು ಇವರು ಇನ್ನಷ್ಟು ಸುರಿಯುತ್ತಾರೆ. ಅತಿಯಾದರೆ ಅಮೃತವೂ ವಿಷ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆ ಇಳಿಸಿದೆ. ಒಂದು ಡಬ್ಬ ತುಂಬಿತು, ಎರಡನೆಯದು ಇಟ್ಟೆ, ಅದೂ ತುಂಬುತ್ತ ಬಂತು. ಮರದ ಕೆಳಗಿದ್ದವನೂ ಟೈರಿನ ಹತ್ತಿರ ಇದ್ದವನೂ ಹೆಜ್ಜೆ ಹೆಜ್ಜೆಯಾಗಿ ಗಾಡಿಯ ಹತ್ತಿರ ಬಂದು, ಎರಡು ಕಡೆಯಿಂದ ಬಗ್ಗಿ ಡಬ್ಬ ನೋಡತೊಡಗಿದರು.

ಎಣ್ಣೆ ಕಾಣದ ಎಂಜಿನ್ ಎಂದು ಇಬ್ಬರೂ ದೂರು ಕೊಟ್ಟಿರಲ್ಲ, ಇಷ್ಟು ಎಣ್ಣೆ ಯಾರು ಹಾಕಿದರು ಎಂದು ನಾನು ಕೇಳಿದೆ. ದನಿ ಜೋರಾಗಿಯೇ ಇತ್ತು.

"ನಮ್ಮ ಮನ್ಯಾಗ ಮಂದಿ ಭಾಂಡೆ ಬರಿದು ಕೊಡಾಂಗಿಲ್ರಿ," ಅಂದ ಚೌಡಣ್ಣ. "ನಾನು ಕೊಡೋ ಮುಂದ ಒಂದ್ ಲೀಟರ್ ಹಾಕಿ ಕೊಡ್ತಿದ್ದೆ."

ನನಗೆ ಅರ್ಥವಾಯಿತು. ನಮ್ಮ ಕಡೆ ನೆರೆಮನೆಯವರು ಪಾತ್ರೆಯಲ್ಲಿ ಏನಾದರೂ ಕೊಟ್ಟು ಕಳಿಸಿದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಜೋಳ, ಒಂದು ಅಚ್ಚು ಬೆಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಬೊಮ್ಮಮ್ಮ ಮಕ್ಕಳಿಗೆ ಅದನ್ನು ಎದೆಹಾಲಿನ ಜೊತೆ ಕುಡಿಸಿದ್ದಳು. ಗಾಡಿಯನ್ನೂ ಅವರು ಪಾತ್ರೆಯ ಲೆಕ್ಕಕ್ಕೇ ಹಿಡಿದಿದ್ದರು.

"ನಾನೂ ಹಂಗ ಹಾಕಿ ಕೊಡ್ತಿದ್ದೆ," ಅಂದ ಹುಲುಗೇಶ. ನೆಲ ನೋಡುತ್ತಾ ಅಂದ.

ಶನಿವಾರ ಎಣ್ಣೆ ಕೊಳ್ಳಬಾರದು ಅನ್ನುವುದು ಬೇರೆ ಇದೆಯಲ್ಲ. ಹಾಗಾಗಿ ಶುಕ್ರವಾರವೇ ಒಬ್ಬ ಬೊಮ್ಮನಹಳ್ಳಿಯಲ್ಲಿ, ಒಬ್ಬ ಕೊಟ್ಟೂರಿನಲ್ಲಿ ಡಬ್ಬಿ ಕೊಂಡು ಸೀಟಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ನನ್ನ ಅಂಗಡಿಯಲ್ಲಿ ಕೊಂಡಿದ್ದರೆ ನನಗೆ ಎಂದೋ ತಿಳಿಯುತ್ತಿತ್ತು. ಆದರೂ ಲೆಕ್ಕ ಸರಿಹೋಗಲಿಲ್ಲ. ವಾರಕ್ಕೊಂದು ಲೀಟರನ್ನು ಆ ಹಳೆ ಎಂಜಿನ್ ಹೇಗಿದ್ದರೂ ಕುಡಿದುಬಿಡುತ್ತದೆ. ಮಿಕ್ಕದ್ದು ಎಲ್ಲಿಂದ ಬಂತು ಎಂದೆ.

ಮೊದಲು ಅಣ್ಣ, ಹಿಂದೆಯೇ ತಮ್ಮ ಒಪ್ಪಿಕೊಂಡರು. ಈ ಬೇಸಿಗೆಯ ಬಿಸಿಲು ಏರಿದಾಗಿನಿಂದ, ಗಾಡಿ ಕೈಗೆ ಬಂದ ಕೂಡಲೇ, ಅವನು ಖಾಲಿ ಕೊಟ್ಟಿರುತ್ತಾನೆ ಎಂದುಕೊಂಡು, ಊರಾಚೆ ನಿಲ್ಲಿಸಿ, ರೇಡಿಯೇಟರಿಗೆ ನೀರು ಎಂದು ಅವ್ವನಿಗೆ ಹೇಳಿ, ಮತ್ತೊಂದು ಲೀಟರ್ ಸುರಿಯುತ್ತಿದ್ದರು. ಇಬ್ಬರೂ. ಕೊಡುವಾಗ ಹಾಕಿದ್ದು ಮರ್ಯಾದೆಯ ಎಣ್ಣೆ, ತಗೊಳ್ಳುವಾಗ ಹಾಕಿದ್ದು ಅನುಮಾನದ ಎಣ್ಣೆ. ಎರಡೂ ಒಂದೇ ತೊಟ್ಟಿಗೆ ಬಿದ್ದು ನೊರೆಯಾಗಿದ್ದವು.

ಗಾಡಿಯ ಒಳಗಿನಿಂದ ಬೊಮ್ಮಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಕೂಗಾಡಲಿಲ್ಲ. ಕಿಟಕಿಯಿಂದ ಮುಖ ಹೊರಗೆ ಹಾಕಿ ಒಬ್ಬೊಬ್ಬರನ್ನೇ ನೋಡಿದಳು.

"ಕೊಡೋ ಮುಂದ ನನ್ನ ಮಕ್ಕಳಂಗ ಕೊಟ್ರಿ," ಅಂದಳು. "ತಗಳ್ಳೋ ಮುಂದ ಯಾರ ಮಕ್ಕಳಾದ್ರಿ?"

ನಾನು ಎದ್ದು ಒಳಗೆ ಹೋದೆ. ಫಿಲ್ಟರ್ ತರುವ ನೆಪ. ಅಂಥ ಮಾತು ಕೇಳಿದ ಗಂಡಸರ ಮುಖ ಹೊರಗಿನವರು ನೋಡಬಾರದು.

ಹೊರಗೆ ಬಂದಾಗ ಹೊಸ ಎಣ್ಣೆಯ ಜಗಳ ಶುರುವಾಗಿತ್ತು, ಅದೂ ನನ್ನ ಮುಖಾಂತರ. ಹಳೆ ಎಂಜಿನ್ನಿಗೆ ಇಪ್ಪತ್ತು-ಐವತ್ತರ ಗಟ್ಟಿ ಎಣ್ಣೆಯೇ ಬೇಕು ಎಂದು ಇವರಿಗೆ ಹೇಳ್ರಿ ಎಂದು ಚೌಡಣ್ಣ. ಕಂಪನಿ ಬರೆದದ್ದು ತೆಳುವಾದ ಹದಿನೈದು-ನಲವತ್ತು ಎಂದು ಅವರಿಗೆ ಹೇಳ್ರಿ ಎಂದು ಹುಲುಗೇಶ. ಇಷ್ಟು ದಿನ ಇಬ್ಬರೂ ತಮ್ಮ ತಮ್ಮ ಎಣ್ಣೆಯನ್ನೇ ಸುರಿದಿದ್ದರು ಎನ್ನುವುದೂ ಆಗ ಗೊತ್ತಾಯಿತು. ನಾನು ಹೇಳಿದೆ: ಗಟ್ಟಿ ಎಣ್ಣೆ ಹಾಕಿದರೆ ಮುಳ್ಳು ಏರುತ್ತದೆ, ನಿಜ. ಆದರೆ ಮುಳ್ಳು ಏರಿದ ಮಾತ್ರಕ್ಕೆ ಎಣ್ಣೆ ತಲುಪಿತು ಅಂತಲ್ಲ. ಬೆಳಿಗ್ಗೆ ಚಾಲೂ ಮಾಡಿದಾಗ ಮುದ್ದೆಯಂಥ ಎಣ್ಣೆ ತಲೆಯ ಭಾಗಕ್ಕೆ ಏರುವಷ್ಟರಲ್ಲಿ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಒಣಗಿ ಉಜ್ಜುತ್ತಿರುತ್ತದೆ. ಹಲ್ಲಿಲ್ಲದ ಮುದುಕಿಗೆ ಗಟ್ಟಿ ರೊಟ್ಟಿ ಕೊಟ್ಟು ಶಕ್ತಿ ಬರುತ್ತದೆ ಅಂದ ಹಾಗೆ. ಮೊದಲು ಹದಿನೈದು-ನಲವತ್ತು ಅಳತೆಗೆ ಸರಿಯಾಗಿ ಹಾಕಿ ಓಡಿಸಿ ನೋಡೋಣ. ಕಾದ ಮೇಲೂ ಒತ್ತಡ ನಿಲ್ಲದಿದ್ದರೆ ಆಗ ಗಟ್ಟಿ ಎಣ್ಣೆಯ ಮಾತು.

ಹಲ್ಲಿಲ್ಲದ ಮುದುಕಿ ಎಂದದ್ದಕ್ಕೆ ಬೊಮ್ಮಮ್ಮ ಒಳಗಿನಿಂದ ನನಗೊಂದು ಬೈದಳು. ಆ ಬೈಗುಳ ಕೇಳಿ ನನಗೆ ಜೀವ ಬಂದ ಹಾಗಾಯಿತು.

ಓಡಿಸದೆ ಒತ್ತಡ ತಿಳಿಯುವುದಿಲ್ಲ. ಏರು ಹತ್ತಬೇಕು, ಕಾಯಬೇಕು, ನಿಲ್ಲಬೇಕು. ಹೇಗೂ ಕೊಟ್ಟೂರಿಗೆ ಹೋಗಬೇಕಲ್ಲ ಎಂದು ಹೊಸ ಎಣ್ಣೆ ತುಂಬಿ, ಮೀಟರಿನ ಪೈಪನ್ನು ಉದ್ದ ಮಾಡಿ ಕಿಟಕಿಯಿಂದ ಒಳಗೆ ತಂದೆ. ಚೌಡಣ್ಣ ಓಡಿಸಲು ಕೂತ. ಎಡಗಡೆ ಹುಲುಗೇಶನ ಕೈಗೆ ಮೀಟರು ಕೊಟ್ಟೆ. ನಡುವೆ ಬೊಮ್ಮಮ್ಮ. ನಾನು ಹಿಂದೆ ಕೂತೆ.

ಊರು ದಾಟಿದ ಮೇಲೆ ಹುಲುಗೇಶ ತಲೆ ಹಿಂದಕ್ಕೆ ತಿರುಗಿಸಿ, ಪಾಲಾಕ್ಷಣ್ಣ, ನಲವತ್ತೈದು ಅಂದ. ನಾನು ಬೇಕೆಂದೇ ಹೊರಗೆ ನೋಡುತ್ತಿದ್ದೆ. ಮತ್ತೆ ಹೇಳಿದ.

"ಓಡಿಸೋನಿಗೆ ಹೇಳಪ್ಪ," ಎಂದೆ. "ನನ್ ಕೈಯಾಗ ಸ್ಟೇರಿಂಗ್ ಐತೇನು?"

ಏರು ಬಂತು. ಗಾಡಿ ಗೇರು ಬದಲಿಸಿ ಹತ್ತತೊಡಗಿತು.

"ನಲವತ್ತು," ಅಂದ ಹುಲುಗೇಶ, ಎದುರಿನ ರಸ್ತೆಗೆ ಹೇಳುವವನ ಹಾಗೆ. ಆಮೇಲೆ ಮೆಲ್ಲಗೆ, "ಅಣ್ಣ, ನಲವತ್ತು ಐತಿ."

ಚೌಡಣ್ಣ ಹ್ಞೂಂ ಎಂದ. ಮೂರು ವರ್ಷದ ಮೇಲೆ ಅವರಿಬ್ಬರ ನಡುವೆ ನಡೆದ ಮಾತು ಅದು. ಅಲ್ಲಿಂದ ಮುಂದೆ ಎಷ್ಟೈತಿ ಎಂದು ಇವನು ಕೇಳುವುದು, ಮೂವತ್ತೆಂಟು ಎಂದು ಅವನು ಹೇಳುವುದು, ಇದೇ ನಡೆಯಿತು. ಬೇರೆ ಒಂದು ಸುದ್ದಿಯಿಲ್ಲ. ಬೊಮ್ಮಮ್ಮ ನಡುವೆ ಕೂತು, ಒಬ್ಬ ಕೇಳಿದಾಗ ಇತ್ತ, ಒಬ್ಬ ಹೇಳಿದಾಗ ಅತ್ತ ತಿರುಗುತ್ತಿದ್ದಳು.

ಕೊಟ್ಟೂರಿನ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಚಾಲೂ ಇಟ್ಟೇ ನಿಂತೆವು. ನನಗೆ ಬೇಕಾದದ್ದು ಇದೇ ಪರೀಕ್ಷೆ: ಪೂರ್ತಿ ಕಾದ ಎಂಜಿನ್, ನಿಂತ ಗಾಡಿ. ಮುಳ್ಳು ಇಳಿಯಿತು, ಇಪ್ಪತ್ತಕ್ಕೆ ಬಂತು, ಇನ್ನೂ ಸ್ವಲ್ಪ ಇಳಿದು ಹದಿನೆಂಟಕ್ಕೆ ನಿಂತುಬಿಟ್ಟಿತು. ನಡುಗಲಿಲ್ಲ. ಹರೆಯದ ಎಂಜಿನ್ನಿನ ಒತ್ತಡ ಅಲ್ಲ ಅದು, ಆದರೆ ಬಾಳುವ ಎಂಜಿನ್ನಿನ ಒತ್ತಡ. ಚೌಡಣ್ಣ ಸ್ಟೇರಿಂಗು ಬಿಟ್ಟು, ಅವ್ವನ ಮಡಿಲಿನ ಮೇಲೆ ಬಗ್ಗಿ, ತಮ್ಮನ ಕೈಯಲ್ಲಿದ್ದ ಮೀಟರನ್ನು ತಾನೇ ನೋಡಿದ. ರೈಲು ಹೋಗಿ ಗೇಟು ತೆಗೆದರೂ ಅವರು ನೋಡುತ್ತಲೇ ಇದ್ದರು. ಹಿಂದಿನ ಲಾರಿಯವನು ಹಾರನ್ ಹೊಡೆದ.

ಪ್ರವೀಣಕುಮಾರ್ ಬಸ್ ನಿಲ್ದಾಣದ ಹತ್ತಿರ ಕಾಯುತ್ತಿದ್ದ. ಗಾಡಿಯನ್ನು ಒಂದು ಸುತ್ತು ಹಾಕಿ, ಓಡಿಸಿಕೊಂಡೇ ಬಂದಿರಲ್ಲ, ಎಂಜಿನ್ ಹೆಂಗೈತಿ ಎಂದು ಕೇಳಿದ. ಒಂದು ಒಳ್ಳೆಯ ಮಾತು ಬಂದರೆ ಗಾಡಿ ಹೋದ ಹಾಗೆ.

"ಬೇರಿಂಗ್ ಹೋಗ್ಯಾವ್ರಿ," ಅಂದ ಚೌಡಣ್ಣ.

"ಹೊಗಿ ಬರೋದು ನೋಡಬೇಕು ನೀವು," ಅಂದ ಹುಲುಗೇಶ. "ಬ್ಲಾಕೂ ಬಿರುಕು ಬಿಟ್ಟಂಗ ಐತಿ."

ಗೇರು ಬಾಕ್ಸು ಕಿರುಗುಟ್ಟುತ್ತದೆ ಎಂದು ಅಣ್ಣ ಹೇಳಿದರೆ, ಚಾಸಿ ತುಕ್ಕು ಹಿಡಿದಿದೆ ಎಂದು ತಮ್ಮ ಹೇಳಿದ. ಬಿಡಿಭಾಗಕ್ಕೂ ಬಾರದು ಎಂದು ಒಬ್ಬ ಅಂದರೆ, ಗುಜರಿಯವನೂ ಮೂಸುವುದಿಲ್ಲ ಎಂದು ಇನ್ನೊಬ್ಬ. ಅಪ್ಪ ತೀರಿಕೊಂಡ ಮೇಲೆ ಇವರಿಬ್ಬರು ಒಪ್ಪಿ ಆಡಿದ ಮೊದಲ ಮಾತು ಅಪ್ಪನ ಗಾಡಿಯ ಮೇಲಿನ ಚಾಡಿಯಾಯಿತು. ಪ್ರವೀಣಕುಮಾರ್ ನನ್ನ ಕಡೆ ತಿರುಗಿ, ನೀವೇನಂತೀರಿ ಮೇಸ್ತ್ರಿ ಎಂದ. ಕಸುಬಿನಲ್ಲಿ ನಾನು ಸುಳ್ಳು ಹೇಳುವವನಲ್ಲ. ಎಂಜಿನ್ ಹಳೆಯದು, ಎಣ್ಣೆ ಕುಡಿಯುತ್ತದೆ ಎಂದೆ. ಎರಡೂ ನಿಜ. ಹಿರೇಹಡಗಲಿಯಿಂದ ಸುಮ್ಮನೆ ಎಳೆಸಿದಿರಿ ಎಂದು ಅವನು ಬೈಕು ಹತ್ತಿ ಹೋದ.

ಆಮೇಲೆ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಇನ್ನು ಹುಲುಗೇಶನ ವಾರ. ಚೌಡಣ್ಣ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಅವ್ವನ ಕಡೆ ಒಮ್ಮೆ ನೋಡಿ, ಕೂಡ್ಲಿಗಿ ಬಸ್ಸು ನಿಲ್ಲುವ ಕಡೆ ಹೆಜ್ಜೆ ಹಾಕಿದ. ಬೊಮ್ಮಮ್ಮ ಬಟ್ಟೆಗಂಟನ್ನು ಎದೆಗೆ ಒತ್ತಿ ಹಿಡಿದುಕೊಂಡಳೇ ಹೊರತು ಕೂಗಲಿಲ್ಲ. ಹುಲುಗೇಶ ಕೀಲಿ ತೆಗೆದುಕೊಂಡು ಸ್ಟೇರಿಂಗಿಗೆ ಕೂತ. ಚಾಲೂ ಮಾಡಲಿಲ್ಲ. ಮೀಟರು ಎಡಗಡೆಯ ಖಾಲಿ ಸೀಟಿನ ಮೇಲೆ ಬಿದ್ದಿತ್ತು.

"ಅಣ್ಣ," ಎಂದು ಕರೆದ. ದನಿ ಸರಿಯಾಗಿ ಹೊರಡಲಿಲ್ಲ, ಇನ್ನೊಮ್ಮೆ ಕರೆದ. "ಮುಳ್ಳು ನೋಡೋರು ಯಾರು?"

ಅವನ ಮನೆ ಅಲ್ಲಿಂದ ಎರಡು ಬೀದಿಯ ಆಚೆ. ಅಷ್ಟು ದೂರಕ್ಕೆ ಮುಳ್ಳು ನೋಡುವ ಅಗತ್ಯ ಯಾವ ಎಂಜಿನ್ನಿಗೂ ಇಲ್ಲ. ನನಗೆ ಅದು ಗೊತ್ತು, ಅವರಿಗೂ ಗೊತ್ತಿತ್ತು. ಮೀಟರು ಬಿಚ್ಚಿಕೊಳ್ಳಲು ಚೀಲದಿಂದ ಪಾನಾ ತೆಗೆದಿದ್ದವನು ಅದನ್ನು ಮತ್ತೆ ಚೀಲಕ್ಕೆ ಹಾಕಿದೆ. ಇದು ಒಂದು ವಾರ ಗಾಡಿಯಲ್ಲೇ ಇರಲಿ, ಇಬ್ಬರೂ ಕೂತು ನೋಡಬೇಕು, ಒಬ್ಬನಿಂದ ಆಗುವ ಕೆಲಸವಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಕಸುಬಿನಲ್ಲಿ ಸುಳ್ಳು ಹೇಳುವವನಲ್ಲ ಎಂದೆನಲ್ಲ, ಅದೊಂದು ಹೇಳಿದೆ.

ಚೌಡಣ್ಣ ವಾಪಸು ಬಂದು ಬಾಗಿಲು ತೆಗೆದು ಕೂತ. ಮೀಟರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗಾಡಿ ಬಸ್ಸುಗಳ ನಡುವೆ ಮೆಲ್ಲಗೆ ಹೊರಟಿತು. ಕೂಡ್ಲಿಗಿ ಬಸ್ಸಿಗೆ ಕಾಯುತ್ತಾ ನಾನು ನಿಂತಲ್ಲೇ ಕೇಳಿಸಿಕೊಂಡೆ, ಇಪ್ಪತ್ತೆರಡು ಐತಿ, ಇಪ್ಪತ್ತೈದು ಆತು, ಎಂದು ಅವನು ಓದಿ ಹೇಳುತ್ತಿದ್ದ. ಕಣ್ಣಲ್ಲಿ ಅಷ್ಟು ನೀರು ತುಂಬಿಕೊಂಡು ಅವನಿಗೆ ಅಂಕಿ ಹೇಗೆ ಕಾಣಬೇಕು, ಕಾಣುತ್ತಿರಲಿಲ್ಲ. ಬಾಯಿಗೆ ಬಂದ ಅಂಕಿ ಹೇಳುತ್ತಿದ್ದ, ತಮ್ಮ ಪ್ರತಿಯೊಂದಕ್ಕೂ ಹ್ಞೂಂ ಅಣ್ಣ ಅನ್ನುತ್ತಿದ್ದ.